ಜಪಾನಿನ ಬಾವುಟ ಒಗೆದದ್ದು

ಒಬ್ಬೊಬ್ಬರಿಗೆ ಒಂದೊಂದು ಹೆಮ್ಮೆ. ಕೆಲವರಿಗೆ ತೋಟ, ಕೆಲವರಿಗೆ ಮಕ್ಕಳ ಮಾರ್ಕು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇದ್ದದ್ದು ಒಂದೇ ಹೆಮ್ಮೆ, ಬಟ್ಟೆಯ ಕಲೆ ತೆಗೆಯುವುದು. ಹಲಸಿನ ಮೇಣ, ಎಲೆಯಡಿಕೆ, ಕಾಫಿ ಹಣ್ಣಿನ ರಸ, ಯಾವುದೂ ನನ್ನ ಕೈಯಲ್ಲಿ ಉಳಿದದ್ದಿಲ್ಲ. ಒಮ್ಮೆ ಆಲ್ದೂರಿನಲ್ಲಿ ಮದುಮಗನ ಪಂಚೆಗೆ ಸಾರು ಚೆಲ್ಲಿದಾಗ ಧಾರೆಗೆ ಮುಂಚೆ ಬಿಳಿ ಮಾಡಿ ಕೊಟ್ಟಿದ್ದೆ. ಆ ಸಂಸಾರ ಆಮೇಲೆ ನೆಟ್ಟಗಾಗಲಿಲ್ಲ, ಅದಕ್ಕೆ ನಾನು ಹೊಣೆಯಲ್ಲ. ಪಂಚೆ ಈಗಲೂ ಬಿಳಿಯೇ ಇದೆ. ಇಷ್ಟು ಕೊಚ್ಚಿಕೊಂಡದ್ದು ಯಾಕೆಂದರೆ, ಈ ಹೆಮ್ಮೆಯೇ ಹೋದ ತಿಂಗಳು ನಾನು ತಲೆ ಎತ್ತದ ಹಾಗೆ ಮಾಡಿತು.

ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಹೋಂಸ್ಟೇಯಲ್ಲಿ ನಾನು ಬಟ್ಟೆ ಒಗೆಯುತ್ತೇನೆ. ಅಲ್ಲಿ ಜಗಲಿಯ ಕಟ್ಟೆಯ ಮೇಲಿಟ್ಟ ಬಟ್ಟೆ ಒಗೆಯಲಿಕ್ಕೆ ಎಂದೇ ಲೆಕ್ಕ. ಯಾರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಜಪಾನಿನಿಂದ ಒಬ್ಬ ಅಜ್ಜ ಬಂದು ಉಳಿದಿದ್ದರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬೆಳಿಗ್ಗೆ ಚಿಕ್ಕಮಗಳೂರಿನ ಕಡೆ ಗಾಲ್ಫ್ ಆಡಲು ಹೋಗುವರು, ಸಂಜೆ ಬಂದು ನನಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುವರು. ತಿರುಗಿ ಬಗ್ಗುವಷ್ಟು ಸೊಂಟ ನನಗೆಲ್ಲಿದೆ? ಸುಮ್ಮನೆ ಕೈ ಮುಗಿಯುತ್ತಿದ್ದೆ.

ಒಂದು ದಿನ ಕಟ್ಟೆಯ ಮೇಲೆ ಒಂದು ಬಿಳಿ ಬಾವುಟ, ಅದರ ತುಂಬ ಕಪ್ಪು ಗೀಚು. ಯಾವುದೋ ಮಕ್ಕಳು ಹಾಳು ಮಾಡಿವೆ, ಪಾಪ ಅಂದುಕೊಂಡೆ. ನಿಂಬೆಹುಳಿ ಹಾಕಿದೆ, ಜಗ್ಗಲಿಲ್ಲ. ಸೀಮೆಎಣ್ಣೆಯಲ್ಲಿ ತಿಕ್ಕಿದೆ, ಮಸುಕಾಯಿತು. ಬಿಸಿನೀರು, ಸೋಪು, ಮತ್ತೆ ಬಿಸಿಲು. ಮೂಲೆಯ ಒಂದೇ ಒಂದು ಗೀಚು ಮಾತ್ರ ಹಟ ಹಿಡಿದು ಕೂತಿತು. "ನಿನ್ನ ಮನೆ ಹಾಳಾಗ, ಹೋಗ್ತೀಯೋ ಇಲ್ವೋ" ಎಂದು ಬೈದರೂ ಹೋಗಲಿಲ್ಲ. ಗಂಜಿ ಹಾಕಿ, ಇಸ್ತ್ರಿ ಮಾಡಿ ಸಂಜೆ ಅಜ್ಜನ ಕೈಗಿಟ್ಟು, ಹೊಗಳಲಿ ಎಂದು ಅಲ್ಲೇ ನಿಂತೆ.

ಅವರು ಬಾವುಟ ಬಿಡಿಸಿದರು. ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಇಂಗ್ಲಿಷನ್ನು ನಮಗೆ ಬಿಡಿಸಿ ಹೇಳುವವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ರಮೇಶ. ಅವನು ಓಡಿ ಬಂದು ಮಾತಾಡಿಸಿ, ನನ್ನ ಕಡೆ ತಿರುಗಿದ.

"ಅಜ್ಜೀ, ಎಂಥ ಮಾಡಿದ್ರಿ ಮಾರಾಯ್ರೆ!"

"ಎಂಥ ಮಾಡೋದು? ಒಗ್ದೆ. ಅಷ್ಟು ಗಲೀಜಿತ್ತು."

"ಗಲೀಜಲ್ಲ ಅದು, ಗೆದ್ದೋರ ಸೈನು!"

ಅವರೂರಿನ ಗಾಲ್ಫ್ ಮೈದಾನದಲ್ಲಿ ವರ್ಷಕ್ಕೊಂದು ದೊಡ್ಡ ಪಂದ್ಯ ನಡೆಯುತ್ತಿತ್ತಂತೆ. ಆಟವೇ ಕಸುಬಾದವರು ಬರುತ್ತಿದ್ದರಂತೆ. ಒಂದು ವರ್ಷ ಬಿರುಗಾಳಿಗೆ ಆಟ ಅರ್ಧಕ್ಕೆ ನಿಂತಿತಂತೆ, ಇನ್ನೊಂದು ವರ್ಷ ಅದೇ ಊರಿನ ಬಡಗಿಯೊಬ್ಬನ ಮಗ ಗೆದ್ದನಂತೆ. ಕೊನೆಗೆ ನಡೆಸುತ್ತಿದ್ದ ಕಂಪನಿ ಕೈಬಿಟ್ಟು ಪಂದ್ಯ ನಿಂತಿತು. ಈಗ ಮೈದಾನವೂ ಇಲ್ಲ. ಅಜ್ಜ ಅಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರು. ಕೊನೆಯ ಕುಳಿಯಲ್ಲಿ ನೆಡುವ ಈ ಬಾವುಟದ ಮೇಲೆ ಪ್ರತಿ ವರ್ಷ ಗೆದ್ದವರಿಂದ ಸೈನು ಹಾಕಿಸಿಕೊಂಡಿದ್ದರು. ಪಂದ್ಯ ಇತ್ತು ಅನ್ನುವುದಕ್ಕೆ ಅವರ ಹತ್ತಿರ ಉಳಿದ ಗುರುತು ಅದೊಂದೇ, ಹೋದಲ್ಲೆಲ್ಲ ಜೊತೆಗೇ ಒಯ್ಯುವರಂತೆ. ನಮ್ಮ ಮಂಜಿಗೆ ಮುಗ್ಗಲು ವಾಸನೆ ಬಂದಿತೆಂದು ಕಟ್ಟೆಯ ಮೇಲೆ ಬಿಸಿಲಿಗೆ ಹರಡಿದ್ದರು. ಅಷ್ಟು ವರ್ಷದ ಚರಿತ್ರೆಯನ್ನು ನಾನು ಒಂದೇ ಮಧ್ಯಾಹ್ನ ಚರಂಡಿಗೆ ಬಿಟ್ಟಿದ್ದೆ.

ನನಗೆ ಸುಲಭಕ್ಕೆ ನಾಚಿಕೆಯಾಗುವುದಿಲ್ಲ. ಅವತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. "ಬೈಯೋಕೆ ಹೇಳು ರಮೇಶ, ಹಿಂಗೆ ಸುಮ್ನೆ ಕೂತ್ರೆ ತಡ್ಕೊಳ್ಳೋಕಾಗಲ್ಲ" ಎಂದೆ. ಅಜ್ಜ ಬೈಯಲಿಲ್ಲ. ಉಳಿದ ಆ ಗೀಚಿನ ಮೇಲೆ ಬೆರಳಿಟ್ಟು ಏನೋ ಹೇಳಿ, ಸ್ವಲ್ಪ ನಕ್ಕರು.

"ಬಡಗಿ ಮಗಂದಂತೆ ಅಜ್ಜೀ. ಆಟದಲ್ಲೂ ಹಿಂಗೇ, ಸುಲಭಕ್ಕೆ ಬಿಟ್ಕೊಡ್ತಿರ್ಲಿಲ್ವಂತೆ."

ಮನೆ ಹಾಳಾಗ ಎಂದು ನಾನು ಬೈದದ್ದು ಆ ಪುಣ್ಯಾತ್ಮನಿಗೇ.

ಹೊರಡುವ ದಿನ ಅಜ್ಜ ಬಾವುಟ ಹರಡಿ ನನ್ನ ಮುಂದೆ ಪೆನ್ನು ಹಿಡಿದರು. "ನಿಮ್ಮ ಸೈನೂ ಬೇಕಂತೆ," ಎಂದ ರಮೇಶ. "ಅಷ್ಟು ಜನ ಚಾಂಪಿಯನ್ನರನ್ನ ಒಟ್ಟಿಗೆ ಸೋಲಿಸಿದ್ದು ನೀವೊಬ್ರೇ ಅಂತೆ." ಕುಟುಕೋ ಮರ್ಯಾದೆಯೋ ತಿಳಿಯಲಿಲ್ಲ. ಬೇಡವೆಂದರೂ ಬಿಡಲಿಲ್ಲ. ಕೊನೆಗೆ ಪೆನ್ನು ವಾಪಸು ಕೊಟ್ಟು, ಪೆನ್ಸಿಲ್ ತರಿಸಿಕೊಂಡು ಹೆಸರು ಬರೆದೆ. ಆ ಊರಲ್ಲೂ ನನ್ನಂಥವಳೊಬ್ಬಳು ಇದ್ದೇ ಇರುತ್ತಾಳೆ. ಪೆನ್ಸಿಲಿನದಾದರೆ ಸುಲಭಕ್ಕೆ ಹೋಗುತ್ತದೆ, ಅವಳ ಸೀಮೆಎಣ್ಣೆಯಾದರೂ ಉಳಿಯಲಿ.