ಗಟ್ಟಿಮುಟ್ಟಾದವನ ಎಂಟು ಬಾಟ್ಲಿ

"ಅಣ್ಣಾ, ಈ ಕಡೆ ಚೆನ್ನಾಗಿರೋರ ಮನೆ ಯಾವುದು?"

ಬಿಳಿಗೆರೆ ದಾಟಿ, ತೆಂಗಿನ ತೋಟಗಳ ನಡುವೆ ಎರಡನೇ ಸಲ ದಾರಿ ತಪ್ಪಿ, ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನನ್ನು ನಾನು ಕೇಳಿದ್ದು ಹೀಗೆ. ನಾನು ಹೋಗಬೇಕಿದ್ದ ಮನೆಯ ಯಜಮಾನರ ಹೆಸರಿದ್ದ ಚೀಟಿ ಬಸ್ಸಿನಲ್ಲೇ ಬಿದ್ದುಹೋಗಿತ್ತು. ಮನೆಯಲ್ಲಿ ಎಂಟು ಜನ, ಒಬ್ಬರೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ ಎನ್ನುವುದಷ್ಟೇ ನೆನಪಿತ್ತು.

ಆತ ಕೆರೆ ಏರಿಯಾಚೆ ಒಂದು ಹೆಂಚಿನ ಮನೆ ತೋರಿಸಿ, "ಕಾಯಿಲೆಯೋರ ಬುಟ್ಟು ಚೆನ್ನಾಗಿರೋರ ತಾವ ನಿಮಗೇನ್ರವ್ವಾ ಕೆಲ್ಸ?" ಎಂದ.

ಎಂಬತ್ತರ ದಶಕದ ಆರಂಭ. ಆರೋಗ್ಯವಂತರ ರಕ್ತ, ಮೂತ್ರದಲ್ಲಿ ಏನೇನು ಎಷ್ಟೆಷ್ಟಿರುತ್ತದೆ ಎಂದು ಅಳೆಯುವುದೇ ನನ್ನ ಉದ್ಯೋಗ. ಮುಂಬಯಿ, ನೈರೋಬಿ ಎಂದು ಸುತ್ತಿ ಸಾವಿರಾರು ಬೆರಳು ಚುಚ್ಚಿದ್ದೇನೆ. ಹೋದಲ್ಲೆಲ್ಲ ಇಂಥ ಪ್ರಸಂಗಗಳು ನನಗಿಂತ ಮೊದಲೇ ಬಂದು ಕೂತಿರುತ್ತವೆ.

ಅಜ್ಜಿಯ ಷರತ್ತು

ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಅಜ್ಜಿ ಕೇಳಿದಳು: "ನಂಗೇನಾಗೈತೆ ಅಂತ ಚುಚ್ತೀಯ?"

"ಏನೂ ಆಗಿಲ್ಲ ಅಂತ ನೋಡೋಕೆ, ಅಜ್ಜಿ."

"ಅದುನ್ನ ಬಾಯಲ್ಲೇ ಹೇಳ್ತೀನಿ, ಬರ್ಕೊ."

ಕೊನೆಗೆ ಒಪ್ಪಿದಳು, ಆದರೆ ನಾನೂ ಬೆರಳು ಚುಚ್ಚಿಕೊಳ್ಳಬೇಕು. "ಮಜ್ಜಿಗೆ ಇಸ್ಕೊಂಡೋಳೂ ಬರೀ ಚೊಂಬು ವಾಪಸ್ ಕಳ್ಸಲ್ಲ ಕಣವ್ವಾ."

ಊರವರಿಗೆಲ್ಲ ಚುಚ್ಚುವ ನನಗೆ ನನ್ನ ಬೆರಳಿಗೆ ಸೂಜಿ ಎಂದರೆ ಮಾತ್ರ ಭಯ. ಇದು ಯಾವ ಸರ್ಟಿಫಿಕೇಟಿನಲ್ಲೂ ಇಲ್ಲ. "ನಾಳೆ ಕೊಡ್ತೀನಿ" ಎಂದೆ.

"ಹಂಗಾರೆ ಸಾಲ" ಎಂದು ಬೆರಳು ಚಾಚಿದಳು. ಹಿಮೋಗ್ಲೋಬಿನ್ ಹದಿಮೂರು! ಹೆಂಗಸರಿಗೆ ಹನ್ನೆರಡಿದ್ದರೇ ಸಾಕು. ನಾನು ಬಾಯಿ ಬಿಟ್ಟದ್ದು ನೋಡಿ, "ಬಾಯಲ್ಲಿ ಹೇಳಿದ್ರೆ ಹದಿನೈದು ಹೇಳ್ತಿದ್ದೆ" ಎಂದಳು.

ಎಂಟು ಬಾಟ್ಲಿ

ಮನೆಮಂದಿಯ ಬೆಳಗಿನ ಮೂತ್ರಕ್ಕೆಂದು ಎಂಟು ಬಾಟ್ಲಿ ಕೊಟ್ಟು ತಿಪಟೂರಿಗೆ ಹೋಗಿದ್ದೆ. ಮರುದಿನ ಬಂದರೆ ಎಂಟೂ ಭರ್ತಿ. ಅದೇ ಜಗಲಿಯಲ್ಲಿ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಕಾಯಿಸಿದೆ. ಇಟ್ಟಿಗೆ ಕೆಂಪು. ಅಂದರೆ ಸಕ್ಕರೆ. ಎರಡನೆಯದೂ ಕೆಂಪು. ಎಂಟೂ ಕೆಂಪು!

"ಅಜ್ಜೀ, ಇವು ಯಾರ್ಯಾರದು?"

"ಎಲ್ಲಾ ನಮ್ ದೊಡ್ಡೋನದೇ. ಮಂಡಿಗೆ ಸ್ಯಾಂಪಲ್ ಕಳ್ಸುವಾಗ ಒಳ್ಳೇ ಕೊಬ್ಬರಿನೇ ಆರ್ಸಿ ಕಳ್ಸಲ್ವಾ? ಮನೇಲೆಲ್ಲಾ ಗಟ್ಟಿಮುಟ್ಟಾದೋನು ಅವ್ನೇ."

ಕೊಬ್ಬರಿ ಚೀಲವನ್ನು ಒಂದೇ ಹೆಗಲಿಗೆ ಏರಿಸುವ ಆ ಮಗರಾಯ ಮೀಸೆ ಸವರಿಕೊಂಡ. "ಎಂಟೇನ್ ಬುಡಿ, ಹದಿನಾರು ತಂದಿದ್ರೂ ತುಂಬಿಸ್ತಿದ್ದೆ!"

"ಅದೇ ಕಣಪ್ಪಾ ಸಕ್ಕರೆ ಕಾಯಿಲೆ ಗುರುತು" ಎಂದೆ. ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

ಸಾಲ

ಅವನ ರಕ್ತ ನೋಡದೆ ಬಿಡುವಂತಿರಲಿಲ್ಲ. ಹೀಗೇ ಬಿಟ್ಟರೆ ಕಣ್ಣಿಗೋ ಕಾಲಿಗೋ ಕುತ್ತು ಎಂದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಅವನು ಮಾತ್ರ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾನ್ ಚೆನ್ನಾಗಿದೀನಿ. ನಿಮ್ ನೀಲಿ ನೀರೇ ಕೆಟ್ಟೈತೆ."

"ಒಂದೇ ಒಂದು ಸಲ..."

"ನಮ್ಮವ್ವನ ಸಾಲ ತೀರ್ಸಿ ಮೊದ್ಲು. ಸೂಜಿ ಅಷ್ಟು ಸಲೀಸಾದ್ರೆ ನೀವ್ಯಾಕೆ ತಪ್ಪಿಸ್ಕೊಂಡ್ರಿ?"

ಸೂಜಿ ಹಿಡಿದೆ. ಮೂರು ಸಲ ಬೆರಳ ತನಕ ತಂದು ಮೂರು ಸಲವೂ ಹಿಂದೆಳೆದೆ. ಅಜ್ಜಿಗೆ ರೇಗಿತು. "ಕೊಡಿಲ್ಲಿ! ಊರಿನೋರ ಕಾಲ್ ಮುಳ್ಳೆಲ್ಲ ತೆಗ್ದಿರೋಳು ನಾನು" ಎಂದವಳೇ ಕುಕ್ಕಿದಳು. ನನಗೆ ಕಣ್ಣು ಕತ್ತಲೆ ಬಂತು. ಕಂಬಕ್ಕೊರಗಿ ಕೂತೇ ನನ್ನ ಹಿಮೋಗ್ಲೋಬಿನ್ ಅಳೆದೆ.

"ಎಷ್ಟೈತೆ?" ಅಜ್ಜಿ ಬಗ್ಗಿದಳು.

"ಒಂಬತ್ತು" ಎಂದೆ ನೆಲ ನೋಡುತ್ತಾ.

ಮಗ ಗೊಳ್ಳೆಂದು ನಕ್ಕ. ನಗುನಗುತ್ತಲೇ ತೋಳು ಮುಂದೆ ಚಾಚಿದ. "ತಗೊಳ್ರವ್ವಾ. ನಿಮಗಿಂತ ನಾನೇ ವಾಸಿ."

ಅಜ್ಜಿ ನನ್ನ ಮುಖವನ್ನೂ ಕೆಂಪಗೆ ನಿಂತಿದ್ದ ಎಂಟು ಕೊಳವೆಗಳನ್ನೂ ಒಮ್ಮೆ ನೋಡಿ ಸೊಸೆಯನ್ನು ಕೂಗಿದಳು:

"ಸಾಲ ತೀರ್ತು ಕಣೇ. ಇವತ್ತಿಂದ ನಿನ್ ಗಂಡನ ಕಾಪಿ ಬೆಲ್ಲನೆಲ್ಲಾ ರಕ್ತ ಇಲ್ದಿರೋ ಈ ಡಾಕ್ಟ್ರಮ್ಮನ ಲೋಟಕ್ಕೇ ಹಾಕು!"