ವಾಮದೇವಪ್ಪನವರ ನೇರ ತೂಕ

“ಎಂಬತ್ನಾಲ್ಕು ಕೆ.ಜಿ.! ಅದಕ್ಕಿಂತ ಒಂದೇ ಒಂದು ಉಂಡೆ ಬೆಲ್ಲ ಹೆಚ್ಚಿಗೆ ಬೇಕಾತು ಅಂದ್ರೆ, ನಮ್ಮಪ್ಪನ ಕಾಲದ ಬೋರ್ಡು ಇಳಿಸಿಬಿಡ್ತೀನಿ ನೋಡು!”

ದಾವಣಗೆರೆ ಮಂಡಿಪೇಟೆಯ ಬೆಲ್ಲದ ವರ್ತಕ ವಾಮದೇವಪ್ಪನವರು ಫೋನಿನಲ್ಲಿ ಹೀಗೆ ಗುಡುಗಿದಾಗ ಅವರ ಬಲಗೈ ಇನ್ನೂ ಎಣ್ಣೆಗಾಯಿ ಪಲ್ಯದಲ್ಲೇ ಇತ್ತು. ಆ ಕಡೆಯಿಂದ ಮಾತಾಡುತ್ತಿದ್ದವನು ಹರಿಹರದ ವೀರೇಶ್, ಹೆಂಡತಿಯ ತಮ್ಮ. ಪಾಪ, ಅವನು ಕೇಳಿದ್ದಿಷ್ಟೇ: “ಭಾವ, ತುಲಾಭಾರಕ್ಕೆ ಮುಂಚೆ ಗುಡಿ ತಕ್ಕಡಿ ಸರಪಳಿ ಬದಲಾಯಿಸಾಕೆ ಹೇಳ್ಲಾ?”

ಸಂಗತಿ ಏನೆಂದರೆ, ಹಿಂದಿನ ವರ್ಷ ವಾಮದೇವಪ್ಪನವರು ಡೆಂಗ್ಯೂ ಜ್ವರ ಬಂದು ಹಾಸಿಗೆ ಹಿಡಿದಿದ್ದರು. ಆಗ ತಾಯಿ ಮರುಳಸಿದ್ದಮ್ಮ, ಮಗ ಎದ್ದು ಕೂತರೆ ಅವನ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆಂದು ಹರಿಹರದ ಹೊಳೆ ದಂಡೆಯ ಬಸವಣ್ಣನಿಗೆ ಹರಕೆ ಹೊತ್ತರು. ಮಗ ಎದ್ದು ಕೂತ. ಕೂತವನು ನೇರ ಊಟಕ್ಕೇ ಕೂತ! ಜ್ವರದಲ್ಲಿ ಕರಗಿದ್ದೆಲ್ಲ ಬಡ್ಡಿ ಸಮೇತ ವಾಪಸ್ಸಾಯಿತು. “ತೊಂಬತ್ನಾಲ್ಕು ಕೆ.ಜಿ. ಆಗೀರಿ. ಹತ್ತಾದ್ರೂ ಇಳಿಸ್ರಿ” ಎಂದು ಡಾಕ್ಟರು ಹೇಳಿದರು. “ಶ್ರಾವಣದ ಕೊನೇ ಸೋಮವಾರ ತುಲಾಭಾರ” ಎಂದು ತಾಯಿ ಹೇಳಿದರು. ನಡುವೆ ಉಳಿದಿದ್ದು ಮೂರು ತಿಂಗಳು.

ಇನ್ನು ಆ ಬೋರ್ಡಿನ ವಿಷಯ. ಅಂಗಡಿಯ ನೆತ್ತಿಯ ಮೇಲೆ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ‘ನೇರ ತೂಕ’ ಎಂದು ಬರೆಸಿದ್ದರು ಅಪ್ಪ. ಆ ಎರಡು ಪದ ನಂಬಿ ಹರಿಹರ, ಮಾಯಕೊಂಡದ ಚಿಲ್ಲರೆ ಅಂಗಡಿಯವರು ಚೀಲವನ್ನು ಮತ್ತೊಮ್ಮೆ ತೂಗದೆ ಹಾಗೇ ಹೊತ್ತೊಯ್ಯುತ್ತಿದ್ದರು. ವಾಮದೇವಪ್ಪನವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ. ಅಂಥ ಬೋರ್ಡನ್ನೇ ಪಣಕ್ಕಿಟ್ಟರೆಂದರೆ ಮನುಷ್ಯ ಎಷ್ಟು ಹುರುಪಿನಲ್ಲಿದ್ದಿರಬೇಕು, ನೀವೇ ಲೆಕ್ಕ ಹಾಕಿ.

“ಮೊದ್ಲು ಆ ಪಲ್ಯದಿಂದ ಕೈ ತೆಗೀರಿ” ಎಂದರು ಹೆಂಡತಿ ಸರ್ವಮಂಗಳಮ್ಮ.

“ದೇವ್ರಿಗೆ ಹೇಳ್ಕೊಂಡ ಬೆಲ್ಲದಾಗೂ ಉಳಿಸಾಕೆ ಹೊಂಟೀಯೇನೋ ವಾಮು?” ಎಂದರು ತಾಯಿ.

ಬೆಂಬಲಕ್ಕೆ ನಿಂತವಳು ಮಗಳು ರಶ್ಮಿತಾ ಒಬ್ಬಳೇ. ಅಪ್ಪನ ಫೋನಿಗೆ ‘ಹಗುರ’ ಎಂಬ ಆ್ಯಪ್ ಹಾಕಿಕೊಟ್ಟಳು. ಅದು ಕನ್ನಡದಲ್ಲೇ ಮಾತಾಡುವ ಆ್ಯಪ್. “ಅಪ್ಪಾಜಿ, ತಿಂದಿದ್ದನ್ನೆಲ್ಲ ಇದಕ್ಕೆ ಹೇಳ್ಬೇಕು. ಉಳಿದಿದ್ದು ಅದೇ ನೋಡ್ಕೊಂತೈತೆ. ಇವತ್ತಿಗೆ ತೂಕ ಎಷ್ಟು ಆಗೈತೆ ಅಂತಾನೂ ಅದೇ ಲೆಕ್ಕ ಹಾಕಿ ಹೇಳ್ತೈತೆ” ಎಂದಳು. ಅಷ್ಟು ಸಾಕಾಯಿತು. ವಾಮದೇವಪ್ಪನವರು ಫೋನನ್ನು ಎರಡೂ ಕೈಯಲ್ಲಿ ತೀರ್ಥ ತಗೊಂಡಂತೆ ತಗೊಂಡರು.

ಮರುದಿನದಿಂದಲೇ ಜಗಳ ಶುರುವಾಯಿತು. ಆ್ಯಪ್‌ಗೆ ಜಗತ್ತಿನ ಇಪ್ಪತ್ತು ಬಗೆಯ ಸಲಾಡ್ ಗೊತ್ತು, ದಾವಣಗೆರೆ ಮಾತ್ರ ಗೊತ್ತಿಲ್ಲ! ಮಂಡಕ್ಕಿ ಎಂದರೆ “ನೀವು ಹೇಳಿದ್ದು ಮಂಚೂರಿಯೇ?” ಎಂದು ಕೇಳಿತು. ಜೋಳದ ರೊಟ್ಟಿ ಎಂದರೆ “ಎಷ್ಟು ಸ್ಲೈಸ್?” ಎಂದಿತು. ಬೆಣ್ಣೆ ದೋಸೆ ಎಂದಾಗ “ದೋಸೆ ಒಳ್ಳೆಯದು. ಬೆಣ್ಣೆ ಬೇಡ” ಎಂದು ಬುದ್ಧಿ ಹೇಳಿತು.

“ಬೆಣ್ಣೆ ಬ್ಯಾಡಂತೆ! ದಾವಣಗೆರ್ಯಾಗೆ ನಿಂತು ಈ ಮಾತು ಆಡ್ತೈತಲ್ಲೇ! ಇದರ ಬಾಯಿಗೆ ಏನು ಹಾಕ್ಬೇಕು?”

“ಅದರ ಬಾಯಿ ಬಿಡ್ರಿ, ನಿಮ್ಮ ಬಾಯಿಗೆ ಹಾಕೋದು ಕಮ್ಮಿ ಮಾಡ್ರಿ” ಎಂದರು ಸರ್ವಮಂಗಳಮ್ಮ.

ಬಾಯಲ್ಲಿ ಹೇಳಿದರೆ ತಿಳಿಯದಿದ್ದರೆ ಫೋಟೋ ತೆಗೆಯಬಹುದು ಎಂದು ರಶ್ಮಿತಾ ತೋರಿಸಿಕೊಟ್ಟಳು. ಅದು ಇನ್ನೊಂದು ಗ್ರಹಚಾರ. ರಾಗಿ ಮುದ್ದೆಯ ಫೋಟೋ ನೋಡಿ ಚಾಕೊಲೇಟ್ ಕೇಕ್ ಎಂದು ಬೈದು, ಸಂಜೆ ಊಟವನ್ನೇ ಕಿತ್ತುಕೊಂಡಿತು. ಒಂದು ಸಂಜೆ ತಟ್ಟೆಯಲ್ಲಿ ಎರಡು ಮೆಣಸಿನಕಾಯಿ ಬಜ್ಜಿ ಇಟ್ಟು ಫೋಟೋ ತೆಗೆದರು. ಪಕ್ಕದ ಕೋಣೆಯಲ್ಲಿ ಮರುಳಸಿದ್ದಮ್ಮ ವಿಭೂತಿ ಹಚ್ಚಿಕೊಂಡು ಆಗಷ್ಟೇ ಪೂಜೆಗೆ ಕೂತಿದ್ದರು. ಫೋನು ಓಣಿಗೆಲ್ಲ ಕೇಳುವಂತೆ ಕೂಗಿತು: “ಅದ್ಭುತ! ಎರಡು ಹುರಿದ ಮೀನು! ಪ್ರೋಟೀನ್ ಚೆನ್ನಾಗಿದೆ!”

ಕೈಯಲ್ಲಿದ್ದ ಬಿಲ್ವಪತ್ರೆ ಅಲ್ಲೇ ಬಿಟ್ಟು ಮುದುಕಿ ಎದ್ದು ಬಂದರು. “ಏನಂತೋ ಅದು? ಏನಂತು? ಯಾವಾಗಿಂದ ಶುರು ಮಾಡಿದ್ಯೋ?”

“ಅವ್ವಾ, ಮಿರ್ಚಿ ಇದು! ಮಿರ್ಚಿ! ನೋಡಿಲ್ಲಿ, ತೊಟ್ಟು ಐತೆ!”

“ಬಾಲ ಇದ್ದಂಗೈತಲ್ಲೋ!”

ಒಂದು ಬಜ್ಜಿ ಮುರಿದು, ಒಳಗಿನ ಮೆಣಸಿನಕಾಯಿ ತೆಗೆದು ತೋರಿಸಿ, ತಾಯಿಯ ಬಾಯಿಗೂ ಒಂದು ಚೂರು ಹಾಕಿದ ಮೇಲೆಯೇ ಪ್ರಾಯಶ್ಚಿತ್ತ ತಪ್ಪಿತು. ಅಷ್ಟಾದರೂ ಆ್ಯಪ್ ಮೇಲಿನ ಭಕ್ತಿ ಒಂದಿಷ್ಟೂ ತಗ್ಗಲಿಲ್ಲ. ಯಾಕೆಂದರೆ ದಿನಾ ಬೆಳಿಗ್ಗೆ ಅದು ಹಾಡಿನೊಂದಿಗೆ ಎಬ್ಬಿಸುತ್ತಿತ್ತು: “ಶುಭೋದಯ! ನೀವು ಇನ್ನಷ್ಟು ಹಗುರವಾಗಿದ್ದೀರಿ!” ಮದುವೆಯಾದಾಗಿನಿಂದ ಬೆಳಗ್ಗೆ ಬೆಳಗ್ಗೆ ಇಷ್ಟು ಪ್ರೀತಿಯ ಮಾತು ವಾಮದೇವಪ್ಪನವರ ಕಿವಿಗೆ ಬಿದ್ದಿರಲಿಲ್ಲ.

ಹಾಗಾದರೆ ಒಂದು ಸಲ ತೂಕ ನೋಡಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂಗಡಿಯಲ್ಲೇ ತೂಗುವ ಯಂತ್ರವಿಲ್ಲವೇ? ಇದೆ. ಆದರೆ ಅದಕ್ಕೆ ದಿನಾ ಬೆಳಿಗ್ಗೆ ಕುಂಕುಮ ಹಚ್ಚಿ, ಹೂ ಏರಿಸಿ, ಕೈ ಮುಗಿದು ವ್ಯಾಪಾರ ಶುರು ಮಾಡುತ್ತಾರೆ. ಲಕ್ಷ್ಮಿ ಕೂರುವ ಜಾಗದ ಮೇಲೆ ಕಾಲಿಡುವುದೆಂದರೇನು! “ಡಾಕ್ಟ್ರ ಹತ್ರ ಹೋಗಿ ನೋಡಿಸ್ಕೊಂಡು ಬರ್ರಿ” ಎಂದು ಸರ್ವಮಂಗಳಮ್ಮ ಅಂದರೆ, “ಫೋನು ಹೇಳ್ತೈತಲ್ಲ! ಡಾಕ್ಟ್ರಿಗೇನು ಇದಕ್ಕಿಂತ ಹೆಚ್ಚು ಗೊತ್ತೈತಾ?” ಎಂದು ತಳ್ಳಿಹಾಕುತ್ತಿದ್ದರು. ಇನ್ನು ಅವರು ಉಡುವುದು ಪಂಚೆ. ಪ್ಯಾಂಟಾಗಿದ್ದರೆ ಗುಂಡಿಯಾದರೂ ಕಿತ್ತು ಬಂದು ಸಾಕ್ಷಿ ಹೇಳುತ್ತಿತ್ತು. ಪಂಚೆ ಎಂಥ ಹೊಟ್ಟೆಯನ್ನಾದರೂ ಸುತ್ತಿಕೊಂಡು ಸುಮ್ಮನಿರುತ್ತದೆ.

ಅಂಗಡಿಯಲ್ಲಿ ಮಾತ್ರ ವ್ಯಾಪಾರ ಜೋರಾಗಿತ್ತು. ಬೆಲ್ಲದ ವ್ಯಾಪಾರಕ್ಕೆ ಅವರಪ್ಪ ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಗಿರಾಕಿ ಬಂದರೆ ಉಂಡೆ ಒಡೆದು ಅವನ ಬಾಯಿಗೊಂದು ಚೂರು ಕೊಡಬೇಕು, ಅದೇ ಉಂಡೆಯ ಇನ್ನೊಂದು ಚೂರು ತನ್ನ ಬಾಯಿಗೆ ಹಾಕಿಕೊಳ್ಳಬೇಕು. ಮಾರುವವನೇ ತಿಂದು ತೋರಿಸಿದರೆ ಕೊಳ್ಳುವವನಿಗೆ ನಂಬಿಕೆ. ಇದಕ್ಕೆ ಮಂಡಿಪೇಟೆಯಲ್ಲಿ ಯಾರೂ ತಿನ್ನುವುದು ಎನ್ನುವುದಿಲ್ಲ, ಸ್ಯಾಂಪಲ್ ನೋಡುವುದು ಎನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ ಆ್ಯಪ್ ಅರ್ಧ ರೊಟ್ಟಿ, ಒಂದು ಸೌತೆಕಾಯಿ ಮಂಜೂರು ಮಾಡಿದಾಗಿನಿಂದ ವಾಮದೇವಪ್ಪನವರಿಗೆ ಬೆಲ್ಲದ ಗುಣಮಟ್ಟದ ಬಗ್ಗೆ ವಿಪರೀತ ಕಾಳಜಿ ಹುಟ್ಟಿತು. ಬಂದ ಗಿರಾಕಿಗೆ ಒಂದು ಉಂಡೆಯ ಬದಲು ನಾಲ್ಕು ಉಂಡೆ ಒಡೆದು ತೋರಿಸತೊಡಗಿದರು. ಗಿರಾಕಿ ಬರದಿದ್ದರೆ ಬರಬಹುದಾದ ಗಿರಾಕಿಯ ಪರವಾಗಿ ತಾವೇ ನೋಡುತ್ತಿದ್ದರು. ಅಷ್ಟು ಶ್ರದ್ಧೆಯಿಂದ ಸ್ಯಾಂಪಲ್ ನೋಡಿದ ವರ್ತಕ ಆ ಬೀದಿಯಲ್ಲೇ ಇನ್ನೊಬ್ಬನಿರಲಿಲ್ಲ. ಸಂಜೆ ಮನೆಗೆ ಬಂದು ಅರ್ಧ ರೊಟ್ಟಿ, ಒಂದು ಸೌತೆಕಾಯಿಯನ್ನು ಸತ್ಯಹರಿಶ್ಚಂದ್ರನಂತೆ ಫೋನಿಗೆ ಒಪ್ಪಿಸುತ್ತಿದ್ದರು.

ಶ್ರಾವಣದ ಕೊನೆಯ ಸೋಮವಾರ ಬಂದೇ ಬಂತು. ಬೆಳಿಗ್ಗೆ ಆ್ಯಪ್ ತುತ್ತೂರಿ ಊದಿತು: “ಇಂದಿನ ತೂಕ ಎಂಬತ್ತನಾಲ್ಕು! ಗುರಿ ಮುಟ್ಟಿದ್ದೀರಿ!” ವಾಮದೇವಪ್ಪನವರು ಹಾಸಿಗೆಯಲ್ಲೇ ಒಂದು ಸುತ್ತು ಹೊರಳಿದರು, ಮಂಚ ಕಿರ್ರೆಂದಿತು. ಅಂಗಡಿಗೆ ಹೋಗಿ, ಯಂತ್ರಕ್ಕೆ ಕೈ ಮುಗಿದು, ಎಂಬತ್ತನಾಲ್ಕು ಕೆ.ಜಿ. ಬೆಲ್ಲವನ್ನು ತಾವೇ ನಿಂತು ತೂಗಿಸಿ ಲಗೇಜ್ ಆಟೋಗೆ ಏರಿಸಿದರು.

“ಇನ್ನೊಂದು ಚೀಲ ಇರ್ಲಿ ಬಿಡ್ರಿ, ಮಿಕ್ಕಿದ್ರೆ ಗುಡಿಗೇ ಕೊಟ್ಟು ಬರಾಣ” ಎಂದರು ಸರ್ವಮಂಗಳಮ್ಮ.

“ಒಂದು ಉಂಡೆ ಹೆಚ್ಚಿಗೆ ಒಯ್ದ್ರೂ ನನಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂದಂಗೆ! ನೇರ ತೂಕ ಅಂದ್ರೆ ನೇರ ತೂಕ!”

ಹರಿಹರದ ಗುಡಿಯಲ್ಲಿ ನೆಂಟರೆಲ್ಲ ನೆರೆದಿದ್ದರು. ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿಗೆ ಬಾಳೆಕಂದು, ಮಾವಿನ ತೋರಣ ಕಟ್ಟಿತ್ತು. ಅಯ್ಯನವರು ಸಂಕಲ್ಪ ಮಾಡಿಸಿ, “ಕೂತ ಮೇಲೆ ಎರಡೂ ತಟ್ಟೆ ಸಮ ಆಗೋತನಕ ಇಳಿಯೋ ಹಂಗಿಲ್ರಿ” ಎಂದರು. ವಾಮದೇವಪ್ಪನವರು ಸಿಂಹಾಸನ ಏರುವ ಗತ್ತಿನಲ್ಲಿ ಒಂದು ತಟ್ಟೆಯಲ್ಲಿ ಕೂತು, ಮೀಸೆಯ ಮೇಲೆ ಕೈಯಾಡಿಸಿ ವೀರೇಶನ ಕಡೆ ನೋಡಿದರು. ಇನ್ನೊಂದು ತಟ್ಟೆಗೆ ಬೆಲ್ಲ ಬೀಳತೊಡಗಿತು. ಕೊನೆಯ ಚೀಲವೂ ಖಾಲಿಯಾಯಿತು. ಬೆಲ್ಲದ ತಟ್ಟೆ ಮೇಲೆಯೇ ಇತ್ತು, ವಾಮದೇವಪ್ಪನವರು ನೆಲ ಬಿಟ್ಟು ಮೇಲೇಳಲಿಲ್ಲ.

“ಇನ್ನೂ ಬೆಲ್ಲ ಹಾಕ್ರಿ” ಎಂದರು ಅಯ್ಯನವರು.

“ಇಷ್ಟೇ ಇರೋದು” ಎಂದರು ಸರ್ವಮಂಗಳಮ್ಮ, ಗಂಡನ ಮುಖ ನೋಡದೆ.

“ತಕ್ಕಡಿ ಸರಿ ಇಲ್ಲ!” ಎಂದು ವಾಮದೇವಪ್ಪನವರು ಕೂಗಿದರು.

ವೀರೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಭಾವ, ಅದು ಗಿರಾಕಿ ಹೇಳೋ ಮಾತು! ವ್ಯಾಪಾರಸ್ಥರೇ ಹಿಂಗಂದ್ರೆ ಹೆಂಗೆ?”

“ಮೈಮೇಲಿನ ಭಾರ ತೆಗೀರಿ ಹಂಗಾದ್ರೆ” ಎಂದು ಯಾರೋ ಸೂಚಿಸಿದರು. ಶಲ್ಯ ತೆಗೆದರು. ಕೈಗಡಿಯಾರ, ಉಂಗುರ, ಕನ್ನಡಕ ಬಿಚ್ಚಿದರು. ಫೋನು ಹೆಂಡತಿಯ ಕೈಗೆ ಕೊಟ್ಟರು. ತಟ್ಟೆ ಅಲುಗಲಿಲ್ಲ. ಜುಬ್ಬಾವನ್ನೂ ಬಿಚ್ಚಿ ಕೊಟ್ಟರು. ಅದರ ಜೇಬು ಜೋತುಬಿದ್ದಿದ್ದು ಕಂಡು ಸರ್ವಮಂಗಳಮ್ಮ ಒಳಗೆ ಕೈ ಹಾಕಿದರೆ, ಪೇಪರಿನಲ್ಲಿ ಸುತ್ತಿದ ಒಂದು ಹಿಡಿ ಬೆಲ್ಲದ ಚೂರು ಹೊರಬಂತು!

“ಇದೇನ್ರಿ ಇದು?”

“ಅದಾ? ಸ್ಯಾಂಪಲ್ಲು.”

“ಗುಡಿಗೆ ಬರಾಗ ಯಾರಿಗ್ರಿ ಸ್ಯಾಂಪಲ್ಲು?”

“ದಾರ್ಯಾಗೆ ಒಂದ್ಸಲ ನೋಡಾಣ ಅಂತ…”

“ದಿನಕ್ಕೆ ಎಷ್ಟು ಸಲ ನೋಡ್ತೀರಿ? ಫೋನಿಗೆ ಹೇಳೀರೇನು ಇದನ್ನ?”

“ಅದಕ್ಯಾಕೆ ಹೇಳ್ಬೇಕು? ತಿಂದಿದ್ದನ್ನ ಹೇಳು ಅಂದಾಳೆ ರಶ್ಮಿ. ಇದು ತಿನ್ನೋದಲ್ಲ ಕಣೇ, ವ್ಯಾಪಾರ!”

ಗುಡಿಯ ಪ್ರಾಂಗಣದಲ್ಲಿ ನಗೆ ಉಕ್ಕಿತು. ರಶ್ಮಿತಾ ಕಂಬದ ಹಿಂದೆ ಹೋಗಿ ನಿಂತಳು. ಮರುಳಸಿದ್ದಮ್ಮ ಮಾತ್ರ ನಗಲಿಲ್ಲ. ಆ ಬೆಲ್ಲದ ಚೂರುಗಳನ್ನು ನೋಡಿದರು, ಮಗನ ಬರಿಮೈ ಹೊಟ್ಟೆಯನ್ನು ನೋಡಿದರು, ಸುಮ್ಮನೆ ಚೂರುಗಳನ್ನು ಬೆಲ್ಲದ ತಟ್ಟೆಗೆ ಹಾಕಿದರು. ತಟ್ಟೆ ಅದಕ್ಕೂ ಬಗ್ಗಲಿಲ್ಲ.

ವೀರೇಶ್ ಬೈಕ್ ಹತ್ತಿ ಪೇಟೆಗೆ ಬೆಲ್ಲ ತರಲು ಓಡಿದ. ಇಳಿಯುವಂತಿಲ್ಲ, ಏಳುವಂತಿಲ್ಲ! ವಾಮದೇವಪ್ಪನವರು ಬರಿಮೈಯಲ್ಲಿ ತಟ್ಟೆಯೊಳಗೆ ಕೂತೇ ಇದ್ದರು. ನೆಂಟರ ಮಕ್ಕಳೆಲ್ಲ ಸುತ್ತ ನಿಂತು ನೋಡಿದರು. ಆಗ ಸರ್ವಮಂಗಳಮ್ಮನ ಕೈಯಲ್ಲಿದ್ದ ಫೋನು ಕಕ್ಕುಲತೆಯಿಂದ ಉಲಿಯಿತು: “ಬಹಳ ಹೊತ್ತಿನಿಂದ ಕುಳಿತೇ ಇದ್ದೀರಿ! ಎದ್ದು ಸ್ವಲ್ಪ ಓಡಾಡಿ!”

“ಮೊದ್ಲು ಅದರ ಬಾಯಿ ಮುಚ್ಚಿಸೇ!” ಎಂದು ವಾಮದೇವಪ್ಪನವರು ಕಿರುಚಿದ್ದಕ್ಕೆ ತಕ್ಕಡಿಯ ಸರಪಳಿಯೇ ಝಲ್ಲೆಂದಿತು.

ಬೆಲ್ಲ ಬಂತು. ಜೊತೆಗೆ ಬೆಲ್ಲ ಕೊಟ್ಟ ಅಂಗಡಿಯವನೂ ಬಂದ. ಬರಬಾರದವನೇ ಬಂದ. ಅವನು ಕೆಂಚವೀರಪ್ಪ, ವಾಮದೇವಪ್ಪನವರ ಹಳೆಯ ಗಿರಾಕಿ, ಹತ್ತಾರು ವರ್ಷದಿಂದ ಅವರ ಚೀಲವನ್ನು ಕಣ್ಣು ಮುಚ್ಚಿ ಕೊಳ್ಳುತ್ತಿದ್ದವನು. ವೀರೇಶ್ ಗಡಿಬಿಡಿಯಲ್ಲಿ “ಭಾವಂದು ಬೆಲ್ಲ ತೂಕದಾಗೆ ಕಮ್ಮಿ ಬಿತ್ತು” ಎಂದುಬಿಟ್ಟಿದ್ದನಂತೆ. ಅದನ್ನು ಕೇಳಿ ಕೆಂಚವೀರಪ್ಪ ಅಂಗಡಿಗೆ ಬಾಗಿಲು ಹಾಕಿ ಹಿಂದೆಯೇ ಬಂದಿದ್ದ.

ಉಂಡೆಯ ಮೇಲೆ ಉಂಡೆ ಬಿತ್ತು. ಹತ್ತು ಕೆ.ಜಿ.ಗೂ ಆಗಲಿಲ್ಲ! ಹದಿಮೂರಕ್ಕೆ ಬಂದಾಗ ವಾಮದೇವಪ್ಪನವರು ಮೆಲ್ಲಗೆ ನೆಲ ಬಿಟ್ಟು ಮೇಲೆದ್ದರು. ತೊಂಬತ್ತೇಳು! ಡಾಕ್ಟರು ಹೇಳಿದ ದಿನಕ್ಕಿಂತ ಮೂರು ಹೆಚ್ಚು! ಗಂಟೆ ಮೊಳಗಿತು, ಅಯ್ಯನವರು ಮಂಗಳಾರತಿ ಎತ್ತಿದರು. ಆರತಿಯ ಬೆಳಕಿನಲ್ಲಿ ವಾಮದೇವಪ್ಪನವರ ಮುಖ ನೋಡುವಂತಿರಲಿಲ್ಲ.

“ಭಾವ, ಬೋರ್ಡು ಇಳಿಸಾಕೆ ಏಣಿ ನಾನೇ ತರ್ತೀನಿ” ಎಂದ ವೀರೇಶ್.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕೆಂಚವೀರಪ್ಪ ಮುಂದೆ ಬಂದು ತಲೆ ಕೆರೆದುಕೊಳ್ಳುತ್ತಾ ನಿಂತ. “ಸಾವ್ಕಾರ್ರೇ, ತಪ್ಪು ತಿಳ್ಕಾಬ್ಯಾಡ್ರಿ. ನಿಮ್ಮ ಬೋರ್ಡು ನಂಬಿ ಇಷ್ಟು ದಿನ ನಾನು ಚೀಲ ತೂಗೇ ನೋಡಿಲ್ಲ. ದೇವ್ರ ಬೆಲ್ಲದಾಗೇ ಹದಿಮೂರು ಕೆ.ಜಿ. ಕಮ್ಮಿ ಬಂತು ಅಂದ ಮೇಲೆ… ಇನ್ಮೇಲೆ ತೂಗಿ ನೋಡ್ಬೇಕೇನ್ರಿ?”

ವಾಮದೇವಪ್ಪನವರು ತಟ್ಟೆಯ ಸರಪಳಿ ಹಿಡಿದುಕೊಂಡರು. ಅಪ್ಪ ಗಳಿಸಿಟ್ಟ ಹೆಸರು ಕಣ್ಣೆದುರೇ ಹೊಳೆ ಪಾಲಾಗುತ್ತಿತ್ತು. “ನಾನು… ನೇರ ತೂಕಾನೇ ತಂದಿದ್ದು ಕೆಂಚವೀರಪ್ಪ…” ಎಂದರು.

ಆಗ ಮರುಳಸಿದ್ದಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಮಗನ ತಟ್ಟೆಯ ಪಕ್ಕ ಬಂದು ನಿಂತರು.

“ತೂಗೋದೇನೂ ಬ್ಯಾಡಪ್ಪ” ಎಂದರು. “ನನ್ನ ಮಗ ತೂಕದಾಗೆ ಮೋಸ ಮಾಡೋನಲ್ಲ. ದೇವ್ರ ಬೆಲ್ಲ ಒಂದು ಚೂರೂ ಬಿಡದಂಗೆ ಅಂಗಡಿಯಿಂದ ತಂದಾನೆ. ಒಂದಿಷ್ಟು ಆ ತಟ್ಟೆಗೆ ಹಾಕ್ಯಾನೆ.” ಮಗನ ಹೊಟ್ಟೆಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು. “ಉಳಿದಿದ್ದು ನೋಡು, ಈ ತಟ್ಟೇಲಿ ಕುಂತೈತೆ!”