ಗಾಜು ತೊಳೆಯುವ ಒಳ್ಳೇ ನೀರು

ಎದೆ ಧಸಕ್ಕೆನ್ನದೆ ಒಂದು ದಿನದ ಕೆಲಸ ಮುಗಿದದ್ದು ನನಗೆ ನೆನಪಿಲ್ಲ. ನಾನೂ ನಮ್ಮ ಯಜಮಾನರೂ ಎತ್ತರದ ಕಟ್ಟಡಗಳ ಗಾಜು ತೊಳೆಯುವವರು. ನಮ್ಮ ಕಡೆಯ ಬೋರ್ ನೀರು ಗಾಜಿನ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ. ಅದಕ್ಕೇ ಲಗೇಜ್ ಆಟೋದಲ್ಲಿ ಒಂದು ಆರ್‌ಒ ಮಷೀನು ಇಟ್ಟುಕೊಂಡಿದ್ದೇವೆ. ಅದರ ಒಂದು ಪೈಪಿನಲ್ಲಿ ಉಪ್ಪು ತೆಗೆದ ಒಳ್ಳೇ ನೀರು ಬರುತ್ತದೆ, ಇನ್ನೊಂದರಲ್ಲಿ ಆ ಉಪ್ಪೆಲ್ಲ ಸೇರಿದ ಕೆಟ್ಟ ನೀರು. ಒಳ್ಳೇ ನೀರು ಉದ್ದ ಕೋಲಿನ ತುದಿಯ ಬ್ರಷ್ಷಿಗೆ ಹೋಗುತ್ತದೆ. ಕೋಲು ನನ್ನದು, ಮಷೀನು ಅವರದು. ತೊಳೆದರೆ ಸಾಕು, ಒರೆಸುವ ಹಾಗಿಲ್ಲ. ಕಲೆಯಿಲ್ಲದೆ ತಾನೇ ಒಣಗುತ್ತದೆ.

ಚಿತ್ರದುರ್ಗದಲ್ಲಿ ನಾಲ್ಕು ಮಹಡಿಯ ಒಂದು ಗಾಜಿನ ಕಾಂಪ್ಲೆಕ್ಸ್ ಎದ್ದಿತ್ತು. ಅದರ ವರ್ಷಪೂರ್ತಿ ಕೆಲಸ ಸಿಕ್ಕರೆ ನಮಗೆ ಊರೂರು ಅಲೆಯುವುದು ತಪ್ಪುತ್ತಿತ್ತು. ಅದರ ಮಾಲೀಕರು, "ಮೊದ್ಲು ಮೂರು ಊರಾಗೆ ಮಾಡಿ ಹೆಸ್ರು ತಗಳ್ರಿ, ಆಮೇಲೆ ಬರ್ರಿ" ಅಂದರು. ಹೆಸರು ತಗೊಂಡ ಚೆಂದ ಕೇಳಿ.

ಹೊಳಲ್ಕೆರೆ

ಅಡಿಕೆ ಮಂಡಿಯ ಸಾಹುಕಾರರ ಹೊಸ ಆಫೀಸು. ಗಾಜು ತೊಳೆದು ಪೈಪು ಸುತ್ತತೊಡಗಿದೆ.

"ಒರೆಸಲ್ವೇನಮ್ಮ?" ಅಂದರು.

"ಇಲ್ಲ ಸಾರ್, ತಾನೇ ಒಣಗ್ತೈತೆ."

"ಹಸಿ ಹಸಿ ಬಿಟ್ಟು ಹೋದ್ರೆ ಅದ್ಯಾವ ಸೀಮೆ ಕೆಲ್ಸ!"

ಪೈಪನ್ನು ಆಟೋದಲ್ಲಿಟ್ಟು ತಿರುಗಿ ನೋಡಿದರೆ ನನ್ನ ಜೀವವೇ ಹಾರಿಹೋಯಿತು. ಮಂಡಿಯ ಹಮಾಲರೆಲ್ಲ ಏಣಿ ಹತ್ತಿ, ಹೆಗಲ ಮೇಲಿನ ಟವೆಲ್ ತೆಗೆದು ಗಾಜು ಉಜ್ಜುತ್ತಿದ್ದಾರೆ! ಟವೆಲಿನಲ್ಲಿದ್ದ ಅಡಿಕೆ ಚೊಗರೆಲ್ಲ ಗಾಜಿಗೆ ಬಳಿದು, ಆಫೀಸಿನ ಮುಂಭಾಗ ಕೆಂಪಗಾಗಿತ್ತು. ಸಾಹುಕಾರರು ಮಾತ್ರ ಸೊಂಟದ ಮೇಲೆ ಕೈಯಿಟ್ಟು, ತೃಪ್ತಿಯಿಂದ ಹೇಳಿದರು: "ಈಗ ನೋಡಮ್ಮ, ಕೆಲ್ಸ ಆದಂಗೆ ಕಾಣ್ತೈತೆ."

ಹೊಸದುರ್ಗ

ಕಲ್ಯಾಣ ಮಂಟಪದ ಎರಡನೇ ಮಹಡಿ. ಬ್ರಷ್ಷಿನಲ್ಲಿ ನೀರು ಸಣ್ಣಗಾಗಿ, ತೊಟ್ಟಿಕ್ಕಿ, ನಿಂತೇಹೋಯಿತು. "ರೀ, ಪ್ರೆಷರ್ ಇಲ್ಲ!" ಎಂದು ಕೂಗಿದೆ. ಕೋಲು ಇಳಿಸಿ ಕಟ್ಟಡದ ಹಿಂದೆ ಹೋದರೆ, ಅಯ್ಯೋ ಶಿವನೇ, ಮಷೀನಿನ ಮುಂದೆ ಇಪ್ಪತ್ತು ಬಿಂದಿಗೆಗಳ ಸಾಲು! ನಮ್ಮ ಯಜಮಾನರು ಒಬ್ಬೊಬ್ಬರಿಗೂ ಒಳ್ಳೇ ನೀರು ಹಿಡಿದುಕೊಡುತ್ತ, "ತಳ್ಳಾಡಬೇಡ್ರಿ, ಎಲ್ರಿಗೂ ಐತೆ" ಅನ್ನುತ್ತಿದ್ದರು.

ನನ್ನ ಮುಖ ನೋಡಿ, "ಕುಡಿಯೋ ನೀರು ಕೇಳಿದ್ರೆ ಇಲ್ಲ ಅನ್ನಕಾಗ್ತೈತಾ?" ಅಂದರು. ಮಷೀನಿನ ಟ್ಯಾಂಕು ಮತ್ತೆ ತುಂಬುವವರೆಗೆ ಕಾದೆ.

ಮತ್ತೆ ಕೋಲು ಎತ್ತುವಷ್ಟರಲ್ಲಿ ಒಬ್ಬಾಕೆ ಓಡಿ ಬಂದಳು. "ಅಕ್ಕಾ, ನಿಮ್ ನೀರಿಗೆ ಬೇಳೆ ಒಂದೇ ವಿಷಲ್‌ಗೆ ಬೆಂದೋಯ್ತು! ಈ ಗಾಜು ಮತ್ತೆ ಯಾವಾಗ ಕೊಳೆ ಆಗ್ತೈತೆ?"

ಹಿರಿಯೂರು

ಹೈವೇ ಪಕ್ಕದ ಹೋಟೆಲು. ಮಾಲೀಕನಿಗೆ ನಮ್ಮ ನೀರಿನ ರಭಸವೇ ಹಿಡಿಸಲಿಲ್ಲ. "ಇದೇನಮ್ಮ, ಮಗು ಉಚ್ಚೆ ಹೊಯ್ದಂಗೆ?" ಎಂದು, ಪಕ್ಕದಲ್ಲೇ ಲಾರಿ ತೊಳೆಯುವ ತಮ್ಮನನ್ನು ಕರೆದ. ತಮ್ಮ ಲಾರಿ ತೊಳೆಯುವ ಗನ್ನನ್ನೇ ಎಳೆದು ತಂದ. "ಬೇಡ್ರಪ್ಪ, ಕಿಟಕಿ ಚಿಲಕ ಹಾಕಿಲ್ಲ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಒತ್ತಿಯೇಬಿಟ್ಟ. ಕಿಟಕಿ ಧಡಾರನೆ ತೆರೆದುಕೊಂಡು, ನೀರು ಒಳಗೆ ನುಗ್ಗಿ, ಒಬ್ಬರ ತಟ್ಟೆಯ ದೋಸೆ ಹಾರಿ ಗೋಡೆಗೆ ಅಂಟಿಕೊಂಡಿತು. ತಲೆಯಿಂದ ನೀರು ಸೋರುತ್ತಿದ್ದ ಆ ಗಿರಾಕಿ ನಿಧಾನವಾಗಿ ಕನ್ನಡಕ ಒರೆಸಿಕೊಂಡು ಹೇಳಿದರು: "ನಾನು ಕೇಳಿದ್ದು ಚಟ್ನಿ ಕಣ್ರಿ."

ಚಿತ್ರದುರ್ಗ

ಇಂಥ ಹೆಸರು ಹೊತ್ತುಕೊಂಡು ಕಾಂಪ್ಲೆಕ್ಸಿಗೆ ಹೋದೆವು. ಪುಣ್ಯಕ್ಕೆ ಮಾಲೀಕರು ಯಾರನ್ನೂ ವಿಚಾರಿಸಿರಲಿಲ್ಲ. "ಮುಂದಿನ ಭಾಗ ತೊಳೀರಿ. ನಾಲ್ಕು ಗಂಟೆಗೆ ಬಂದು ನೋಡಿ ಹೇಳ್ತೀನಿ" ಎಂದು ಹೋದರು.

ಕೆಟ್ಟ ನೀರು ವ್ಯರ್ಥವಾಗದಿರಲಿ ಎಂದು ಅದರ ಪೈಪನ್ನು ವಾಚ್‌ಮನ್ ಅಜ್ಜನ ಡ್ರಮ್ಮಿಗೆ ಬಿಟ್ಟೆವು, ಮೆಟ್ಟಿಲು ತೊಳೆಯಲು ಆಗುತ್ತದೆಂದು. ಮಧ್ಯಾಹ್ನದೊಳಗೆ ನಾಲ್ಕೂ ಮಹಡಿ ಮುಗಿಸಿ, ಬುತ್ತಿ ಬಿಚ್ಚಿ ಕೂತೆವು. ಎರಡನೇ ತುತ್ತಿಗೆ ತಲೆಯೆತ್ತಿದೆ. ಬಿಸಿಲಿಗೆ ಒಣಗಿದ ಗಾಜೆಲ್ಲ ಸುಣ್ಣ ಬಳಿದ ಗೋಡೆ ಆಗಿತ್ತು!

ಮಷೀನಿನ ಹತ್ತಿರ ಓಡಿದೆವು. ಒಳ್ಳೇ ನೀರು ಡ್ರಮ್ಮಿಗೆ ಬೀಳುತ್ತಿದೆ, ಕೋಲಿಗೆ ಹೋಗಿರುವುದು ಕೆಟ್ಟ ನೀರು.

"ಅಜ್ಜಾ, ಪೈಪ್ ಯಾರು ಬದ್ಲಾಯಿಸಿದ್ದು?"

"ನಾನೇ," ಅಂದ ಅಜ್ಜ, ಒಂದಿಷ್ಟೂ ಅಳುಕದೆ. "ನಿಮ್ಮೆಜಮಾನ್ರು ಟೀ ಕುಡಿಯಕೆ ಹೋಗಿದ್ರು. ಅಲ್ಲಮ್ಮ, ಒಳ್ಳೇ ನೀರು ಗಾಜಿಗೆ, ಕೆಟ್ಟ ನೀರು ಮನುಷ್ರಿಗೆ, ಇದ್ಯಾವ ನ್ಯಾಯ? ಗಾಜೇನು ನೀರು ಕುಡೀತೈತಾ?"

ಅವನೊಂದಿಗೆ ವಾದಿಸಲು ಹೊತ್ತಿರಲಿಲ್ಲ. ಪೈಪು ಸರಿಮಾಡಿ, ಅನ್ನ ಅಲ್ಲೇ ಬಿಟ್ಟು, ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಮತ್ತೆ ಉಜ್ಜಿದೆ. ತೋಳು ಬಿದ್ದುಹೋದಂತಾಯಿತು. ಕಡೆಯ ಗಾಜು ಒಣಗುವುದಕ್ಕೂ ಮಾಲೀಕರು ಬರುವುದಕ್ಕೂ ಸರಿಹೋಯಿತು.

ಅವರು ಕೈಕಟ್ಟಿ ನಿಂತು ಮೇಲಿನಿಂದ ಕೆಳಗೆ ನೋಡಿದರು. "ಮಧ್ಯಾಹ್ನ ಎದುರಿನ ಅಂಗಡಿಯಾಗೆ ಕುಂತಿದ್ದೆ. ಎಲ್ಲಾ ನೋಡ್ದೆ" ಅಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವರ್ಷದ ಕೆಲಸ ಕೈಬಿಟ್ಟಿತು ಅಂದುಕೊಂಡು ಪೈಪು ಸುತ್ತಲು ಬಗ್ಗಿದೆ.

"ನಾಳೆಯಿಂದ್ಲೇ ಬರ್ರಿ," ಅಂದರು.

ನಮ್ಮ ಯಜಮಾನರು ಸುಮ್ಮನಿರಬೇಕಲ್ಲ! "ಅಲ್ಲ ಸಾರ್, ಗಾಜೆಲ್ಲ ಹಾಳಾಗಿದ್ದು ನೋಡಿದ್ರಲ್ಲ?" ಎಂದು ಕೇಳಿಯೇಬಿಟ್ಟರು.

"ನೋಡ್ದೆ ಕಣಪ್ಪ. ನಿಮಗಿಂತ ಮುಂಚೆ ಮೂರು ಜನ ಬಂದಿದ್ರು, ಮೂರೂ ಜನ ಹಾಳ್ಮಾಡಿ ಹೋದ್ರು. ಹಾಳ್ಮಾಡಿದ ಮೇಲೆ ಹೋಗದೆ ಉಳಿದೋರು ನೀವೇ ಮೊದ್ಲು."